ತೆರೆಯ ಮೇಲೆ ಇಲ್ಲದ ಏಟು

ನಮ್ಮೂರಿನ ಟಾಕೀಸಿನಲ್ಲಿ ಶುಕ್ರವಾರ ಚಿತ್ರ ಬದಲಾದರೆ ಶನಿವಾರ ಬೆಳಗಾಗುವುದರೊಳಗೆ ಅದು ಹೆಂಗಸರ ಮೈಮೇಲೆ ಮೂಡುತ್ತಿತ್ತು. ತೆರೆಯ ಮೇಲೆ ನಾಯಕ ನಾಯಕಿಯ ಮುಂಗೈ ಹಿಡಿದು ಎಳೆದಿದ್ದರೆ ಊರಿನ ಯಾರದೋ ಮುಂಗೈಯಲ್ಲಿ, ಬಳೆಗಳ ಕೆಳಗೆ, ಬೆರಳಿನ ಗುರುತು. ಮಳೆಯ ಹಾಡಿದ್ದರೆ ಎಷ್ಟು ಒರೆಸಿದರೂ ಆರದ ತಲೆಗೂದಲು. ಹಾಡಿನುದ್ದಕ್ಕೂ ಕ್ಯಾಮೆರಾ ನಾಯಕಿಯ ಸೊಂಟದ ಸುತ್ತಲೇ ಸುಳಿದಾಡಿದ್ದರೆ ಆ ವಾರ ಸಂತೆಗೆ ಹೋದ ಹೆಂಗಸರು ಸೊಂಟದ ಮೇಲೆ ಯಾರೋ ಕೈಯಿಟ್ಟಂತಾಗಿ ಪದೇ ಪದೇ ತಿರುಗಿ ನೋಡುತ್ತಿದ್ದರು. ಹಿಂದೆ ಯಾರೂ ಇರುತ್ತಿರಲಿಲ್ಲ. ಚಿತ್ರ ನೋಡಿದವರಿಗೇ ಬರಬೇಕೆಂದಿಲ್ಲ, ನೋಡದವರಿಗೆ ತಪ್ಪುತ್ತದೆಂದೂ ಇಲ್ಲ. ಬೆವರುಸಾಲೆಯ ಹಾಗೆ ಕೆಲವರಿಗೆ ಬರುತ್ತಿತ್ತು, ಕೆಲವರಿಗೆ ಇಲ್ಲ. ಗಂಡಸರಿಗೆ ಮಾತ್ರ ಯಾವತ್ತೂ ಏನೂ ಆಗಿದ್ದಿಲ್ಲ. ಹೊಡೆದಾಟದ ದೃಶ್ಯದಲ್ಲಿ ರಕ್ತ ಕೋಡಿಯಾಗಿ ಹರಿದರೂ ಅವರ ಮೈಮೇಲೆ ಒಂದು ತರಚುಗಾಯ ಕಂಡವರಿಲ್ಲ.

ಊರು ಇದಕ್ಕೆ ಒಗ್ಗಿಹೋಗಿತ್ತು. ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವವರು ಪಂಚಾಂಗಕ್ಕಿಂತ ಮೊದಲು ಟಾಕೀಸಿನ ಗೋಡೆಯ ಪೋಸ್ಟರ್ ನೋಡುತ್ತಿದ್ದರು. ಕಿರಾಣಿ ಅಂಗಡಿಗಳಲ್ಲಿ ಅರಿಸಿನಕ್ಕೆ ಗಂಧ ಬೆರೆಸಿದ ಪೊಟ್ಟಣ ಸಿಗುತ್ತಿತ್ತು, ಅದಕ್ಕೆ ಪಿಕ್ಚರ್ ಲೇಪ ಎಂದು ಹೆಸರು. ನಲ್ಲಿಯ ಹತ್ತಿರ ಹೆಂಗಸರು ಒಬ್ಬರನ್ನೊಬ್ಬರು ಕೇಳುತ್ತಿದ್ದುದು "ತಿಂಡಿ ಆಯ್ತಾ" ಎಂದಲ್ಲ, "ಈ ಸಲ ನಿಂಗೆ ಬಂತಾ" ಎಂದು. ಗುರುತು ನೋಯುತ್ತಿರಲಿಲ್ಲ ಎನ್ನುತ್ತಿದ್ದರು. ಚಿತ್ರ ಎತ್ತಿದ ದಿನ ತಾನಾಗಿ ಮಾಸಿಹೋಗುತ್ತಿತ್ತು. ಇನ್ನೊಂದು ಸಂಗತಿ ಸಣ್ಣ ಮಕ್ಕಳಿಗೂ ಗೊತ್ತಿತ್ತು: ತೆರೆಯ ಮೇಲೆ ಕಂಡದ್ದು ಮಾತ್ರ ಬರುತ್ತದೆ, ಕಾಣದ್ದು ಬರುವುದಿಲ್ಲ. ಒಮ್ಮೆ ಒಂದು ಚಿತ್ರದಲ್ಲಿ ಮುಚ್ಚಿದ ಬಾಗಿಲ ಹಿಂದೆ ನಾಯಕಿಯ ಅಕ್ಕನ ಕೊಲೆಯಾಗುತ್ತದೆ, ನಮಗೆ ಬಾಗಿಲಷ್ಟೇ ಕಾಣುತ್ತದೆ, ಒಳಗಿನ ಚೀರಾಟ ಕೇಳುತ್ತದೆ. ಆ ಚಿತ್ರ ಓಡಿದಷ್ಟು ದಿನ ಊರಿಗೆ ಊರೇ ಜೀವ ಕೈಯಲ್ಲಿ ಹಿಡಿದು ಕೂತಿತ್ತು. ಒಬ್ಬ ಹೆಂಗಸಿಗೂ ಒಂದು ಗೆರೆ ಬರಲಿಲ್ಲ.

ನನ್ನ ಹೆಸರು ಮಂದಾಕಿನಿ. ಊರಿನ ಕಾಲೇಜಿನಲ್ಲಿ ದೃಶ್ಯ ಮಾಧ್ಯಮ ಎಂಬ ಪಾಠ ಹೇಳುತ್ತಿದ್ದೆ. ಮದುವೆಯಾಗಿಲ್ಲ, ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದೆ. ನನಗೆ ಯಾವತ್ತೂ ಗುರುತು ಬಂದಿರಲಿಲ್ಲ. "ನಿನ್ನ ಕಂಡ್ರೆ ಪಿಕ್ಚರಿಗೂ ಭಯ" ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ಪಾಠಕ್ಕೆಂದು ಟಾಕೀಸಿನ ಮಾಲೀಕರಾದ ಚನ್ನವೀರಪ್ಪನವರು ಬೆಳಗಿನ ಹೊತ್ತು ಹಾಲ್ ಬಿಟ್ಟುಕೊಡುತ್ತಿದ್ದರು. ಒಳ್ಳೆಯ ಮನುಷ್ಯ. ತನ್ನ ಟಾಕೀಸಿನಿಂದ ಊರಿನ ಹೆಣ್ಣುಮಕ್ಕಳಿಗೆ ಹೀಗಾಗುತ್ತದಲ್ಲ ಎಂಬ ಕೊರಗು ಅವರನ್ನು ಒಳಗೊಳಗೇ ತಿಂದಿತ್ತು. ಹೆಂಗಸರು ಎದುರು ಬಂದರೆ ತಲೆ ತಗ್ಗಿಸಿ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಹಾಗೆಂದು ಟಾಕೀಸು ಮುಚ್ಚುವಂತಿರಲಿಲ್ಲ. ಮುಚ್ಚುತ್ತೇನೆಂದು ಒಮ್ಮೆ ಅಂದದ್ದಕ್ಕೆ ಊರಿನ ಗಂಡಸರು ಗೇಟಿನ ಮುಂದೆ ಧರಣಿ ಕೂತಿದ್ದರು.

ಹಾಲಿನಲ್ಲಿ ನಾನು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಹಾಡುಗಳನ್ನು ಸದ್ದಿಲ್ಲದೆ ತೋರಿಸುತ್ತಿದ್ದೆ. ಸದ್ದು ತೆಗೆದರೆ ಹಾಡು ಬಟ್ಟೆ ಬಿಚ್ಚಿದಂತೆ ಎಂದು ಒಬ್ಬ ಹುಡುಗ ಹೇಳಿದ್ದ, ಎಲ್ಲರೂ ನಕ್ಕಿದ್ದರು. ಆದರೆ ಮಾತು ನಿಜ. ರಾಗ ಇರುವಾಗ ಪ್ರೀತಿಯಂತೆ ಕಂಡದ್ದು ರಾಗ ಹೋದಮೇಲೆ ಬೇಟೆಯಂತೆ ಕಾಣುತ್ತಿತ್ತು. "ಇಲ್ಲಿ ನೋಡ್ತಿರೋದು ಯಾರು? ನೋಡಿಸಿಕೊಳ್ತಿರೋದು ಯಾರು? ಅವನನ್ನ ಮುಖದಿಂದ ತೋರಿಸೋಕೆ ಶುರು ಮಾಡ್ತಾರೆ, ಅವಳನ್ನ ಕಾಲಿಂದ. ಯಾಕೆ?" ಎಂದು ಕೇಳುತ್ತಿದ್ದೆ. "ಯಾಕಂದ್ರೆ ಮುಖ ತೋರಿಸಿದ್ರೆ ಅವಳೂ ತಿರುಗಿ ನೋಡ್ತಾಳಲ್ಲ ಮೇಡಂ" ಎಂದವಳು ತಬಸ್ಸುಮ್. ಮೊದಲ ಸಾಲಿನಲ್ಲಿ ಕೂತು, ಗಲ್ಲಕ್ಕೆ ಕೈಕೊಟ್ಟು, ರೆಪ್ಪೆ ಹೊಡೆಯದೆ ನೋಡುವ ಹುಡುಗಿ. ಅಂಥ ಒಬ್ಬರು ಇದ್ದರೆ ಸಾಕು, ಪಾಠ ಹೇಳುವವಳಿಗೆ ಬೇಸರವಾಗುವುದಿಲ್ಲ.

ನನ್ನ ಅಣ್ಣ ಗಿರಿಧರ ಊರಿಗೆಲ್ಲ ಬೇಕಾದವನು. ಮದುವೆ, ಗಣೇಶನ ಪೆಂಡಾಲು, ಶಾಲಾ ವಾರ್ಷಿಕೋತ್ಸವ ಎಲ್ಲೇ ಆಗಲಿ ಅವನ ಆರ್ಕೆಸ್ಟ್ರಾ ಇರಲೇಬೇಕು. ಸಿನಿಮಾ ಹಾಡುಗಳನ್ನು ಅವನ ಕಂಠದಲ್ಲಿ ಕೇಳಿದರೆ ಮೂಲವೇ ಸಪ್ಪೆ ಎನ್ನುವವರಿದ್ದರು. ಯುಗಳಗೀತೆಗಳ ಹೆಣ್ಣು ದನಿ ನನ್ನ ಅತ್ತಿಗೆ ವನಜಾಕ್ಷಿಯದು. ಬ್ಯಾನರಿನಲ್ಲಿ ಅಣ್ಣನ ಮುಖ ಸೂರ್ಯನಂತೆ ದೊಡ್ಡದು, ಹಿಂದೆ ಮೈಕು ಹಿಡಿದ ಒಬ್ಬ ಹೆಂಗಸಿನ ಕಪ್ಪು ಆಕೃತಿ, ಅದೇ ಅತ್ತಿಗೆ. ವೇದಿಕೆಯ ಮೇಲೂ ಹಾಗೆಯೇ. ಬೆಳಕಿನ ವೃತ್ತ ಅವನ ಮೇಲೆ, ಇವಳು ಅದರ ಅಂಚಿನಾಚೆ. ಎರಡನೆಯ ಚರಣದಲ್ಲಿ ಇವಳ ದನಿ ಮೇಲಕ್ಕೆ ಏರಿದಾಗ ಜನ ಕತ್ತಲಲ್ಲಿ ಹುಡುಕುವವರಂತೆ ಕತ್ತು ಚಾಚುತ್ತಿದ್ದರು. ಅತ್ತಿಗೆ ಬಂದ ಹೊಸದರಲ್ಲಿ ನಾನು ಇನ್ನೂ ಓದುತ್ತಿದ್ದೆ. ನನ್ನ ಜಡೆ ಹಾಕುತ್ತ, ಕೆಳದನಿಯಲ್ಲಿ ಹಾಡುತ್ತ, "ಹಾಡುವಾಗ ಮುಖ ಕಾಣದಿದ್ರೆ ಒಂಥರಾ ಹಗುರ ಕಣೇ ಮಂದಾ" ಎನ್ನುತ್ತಿದ್ದಳು. ಹಗುರ ಎಂದರೆ ಏನೆಂದು ನಾನು ಆಗ ಕೇಳಿರಲಿಲ್ಲ.

ಆ ವಾರ ಬಂದದ್ದು ಒಂದು ಸಂಸಾರದ ಚಿತ್ರ. ಜಂಬದ ಹುಡುಗಿ, ಸ್ವಾಭಿಮಾನಿ ಗಂಡ. ಮಧ್ಯಂತರಕ್ಕೆ ಮುಂಚೆ ಅವನು ಅವಳ ಕೆನ್ನೆಗೆ ಹೊಡೆಯುತ್ತಾನೆ, ಅಲ್ಲಿಂದ ಅವಳು ಸರಿಹೋಗುತ್ತಾಳೆ. ಹಾಲಿನಲ್ಲಿ ಶಿಳ್ಳೆ ಬಿದ್ದದ್ದು ಆ ಏಟಿಗೇ. ಶನಿವಾರದಿಂದ ಊರಿನಲ್ಲಿ ಕೆನ್ನೆಗಳು ಕೆಂಪಾದವು. ಕಾಲೇಜಿನ ಗುಮಾಸ್ತೆ, ಹಾಲಿನ ಡೈರಿಯ ಹೆಂಗಸು, ನಮ್ಮ ಮನೆ ಓನರ್ ಹೆಂಡತಿ. ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋದರೆ ಅತ್ತಿಗೆಯ ಎಡಗೆನ್ನೆಯ ಮೇಲೂ ಲೇಪ. ಕಿವಿಯವರೆಗೂ ಊದಿತ್ತು.

"ಅತ್ತಿಗೆ, ನಿಂಗೂ ಬಂತಾ?"

"ಹೂಂ. ಪಿಕ್ಚರ್ದು" ಎಂದು ಅವಳು ಚಪಾತಿ ತಿರುವಿ ಹಾಕಿದಳು.

"ಅದರಲ್ಲಿ ಹೀರೋ ಹೊಡೆಯೋ ಸ್ಟೈಲ್ ನೋಡ್ಬೇಕು ನೀನು" ಎಂದು ಅಣ್ಣ ಊಟ ಮಾಡುತ್ತಲೇ ಹೇಳಿದ. "ಒಂದೇ ಒಂದು. ಸಿಡಿಲು ಹೊಡೆದ ಹಾಗೆ."

ಸೋಮವಾರ ಬೆಳಿಗ್ಗೆ ತರಗತಿಗೆ ಅದೇ ಚಿತ್ರ ಹಾಕಿಸಿದೆ. ಏಟಿನ ದೃಶ್ಯ ಬಂತು, ಹೋಯಿತು. ನಾನು ಅದರ ಬಗ್ಗೆ ಮಾತಾಡಲು ಎದ್ದು ನಿಂತೆ. ಹೊಡೆತವನ್ನು ಹೇಗೆ ನ್ಯಾಯದಂತೆ ತೋರಿಸುತ್ತಾರೆ, ಹೊಡೆದವನ ಮುಖದ ಮೇಲೆ ಬೆಳಕು ಯಾಕೆ ಬೀಳುತ್ತದೆ ಎಂದೆಲ್ಲ ಸಿದ್ಧವಾಗಿ ಬಂದಿದ್ದೆ. ತಬಸ್ಸುಮ್ ಕೈ ಎತ್ತಿದಳು.

"ಮೇಡಂ, ಕೈ ಎಲ್ಲಿದೆ?"

"ಯಾವ ಕೈ?"

"ಹೊಡೆಯೋ ಕೈ. ಇನ್ನೊಂದ್ಸಲ ಹಾಕ್ಸಿ ಮೇಡಂ. ನಂಗೆ ಕಾಣಲಿಲ್ಲ."

ಮತ್ತೆ ಹಾಕಿಸಿದೆ. ನಾಯಕನ ಮುಖ, ಹಣೆಯ ನರ ಉಬ್ಬಿದೆ. ಆಮೇಲೆ ಕಿಟಕಿಯಿಂದ ಪುರ್ರನೆ ಹಾರುವ ಪಾರಿವಾಳ, ಅದರ ಮೇಲೆ ಛಟ್ಟನೆ ಒಂದು ಸದ್ದು. ಆಮೇಲೆ ನೆಲದ ಮೇಲೆ ನಾಯಕಿ, ಬಿಚ್ಚಿದ ಕೂದಲು ಮುಖವನ್ನೆಲ್ಲ ಮುಚ್ಚಿದೆ. ಇಷ್ಟೇ. ಕೈ ಏಳುವುದಿಲ್ಲ, ಕೆನ್ನೆಗೆ ತಾಗುವುದಿಲ್ಲ, ಕೆನ್ನೆಯೇ ಕಾಣುವುದಿಲ್ಲ. ಮುಖ, ಪಾರಿವಾಳ, ಕೂದಲು. ಮೂರನ್ನೂ ಜೋಡಿಸಿ ಏಟು ಮಾಡಿಕೊಂಡವರು ನಾವು. ಚೌಕಟ್ಟಿನಲ್ಲಿ ಏನಿಲ್ಲ ಎಂದು ನೋಡಿ ಅಂತ ವರ್ಷಗಟ್ಟಲೆ ಹೇಳಿಕೊಟ್ಟ ನಾನೂ ಅದನ್ನು ನೋಡಿದೆನೆಂದೇ ತಿಳಿದಿದ್ದೆ.

ತೆರೆಯ ಮೇಲೆ ಇಲ್ಲದ್ದು ಬರುವುದಿಲ್ಲ. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು ಹೊರಗೆ ಓಡಿದಳು. ಅವಳ ತಾಯಿಯ ಕೆನ್ನೆ ಕೆಂಪಾಗಿತ್ತೆಂದು ಆಮೇಲೆ ತಿಳಿಯಿತು. ಹುಡುಗರು ನೆಲ ನೋಡುತ್ತ ಕೂತರು.

ಅಲ್ಲಿಂದ ಅಣ್ಣನ ಮನೆಗೆ ಪೇಟೆ ಬೀದಿಯಲ್ಲಿ ನಡೆದು ಹೋದೆ. ಆ ದಾರಿಯನ್ನು ನಾನು ಮರೆಯಲಾರೆ. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ, ಬಸ್ಸಿನ ಕಿಟಕಿಯಲ್ಲಿ, ತರಕಾರಿ ಗಾಡಿಯ ಮುಂದೆ, ದೇವಸ್ಥಾನದ ಪ್ರದಕ್ಷಿಣೆಯಲ್ಲಿ, ಎಲ್ಲ ಕಡೆ ಅರಿಸಿನ ಬಳಿದ ಕೆನ್ನೆಗಳು. ಮುಂಚೆ ಅವೆಲ್ಲ ನನಗೆ ಒಂದೇ ಚಿತ್ರದ ಗುರುತುಗಳಾಗಿದ್ದವು. ಈಗ ಒಂದೊಂದರ ಹಿಂದೆ ಒಂದೊಂದು ಮನೆ, ಒಂದೊಂದು ಬಾಗಿಲು ಕಾಣತೊಡಗಿತು.

ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಾನು ನೇರವಾಗಿ ಕೇಳಿದೆ. "ಅದು ಪಿಕ್ಚರ್ದಲ್ಲ ಅಲ್ವಾ ಅತ್ತಿಗೆ? ಅದರಲ್ಲಿ ಹೊಡೆಯೋದು ತೋರಿಸೇ ಇಲ್ಲ."

ಅವಳು ಒದ್ದೆ ಪಂಚೆ ಕೊಡವಿ ಹಗ್ಗಕ್ಕೆ ಹಾಕಿದಳು. "ಸುಮ್ನಿರು ಮಂದಾ."

"ಅಣ್ಣ ಹೊಡೀತಾನಾ?"

"ಪಿಕ್ಚರ್ದು ಅಂದೆನಲ್ಲ" ಎಂದಳು. ಆಮೇಲೆ, ನನ್ನ ಕಡೆ ನೋಡದೆಯೇ, "ಪಿಕ್ಚರ್ದು ಅಂದ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡ್ಬಹುದು. ಅದನ್ನೂ ಕಿತ್ಕೋಬೇಡ್ವೇ" ಎಂದಳು.

ನಾನು ಆ ಮಾತು ಕೇಳಬೇಕಿತ್ತೋ ಏನೋ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಪಾರಿವಾಳ ಹಾರುತ್ತಲೇ ಇತ್ತು. ಮೊದಲು ಪೊಲೀಸ್ ಠಾಣೆಗೆ ಹೋದೆ. "ಈ ವಾರ ಯಾವ ಪಿಕ್ಚರ್ ಅಮ್ಮಾ?" ಎಂದು ಕೇಳಿದ ಪೊಲೀಸರು, ನಾನು ಹೆಸರು ಹೇಳಿದ ಮೇಲೆ, ಅದು ಚೆನ್ನಾಗಿದೆಯಂತಲ್ಲ ಎಂದರು. ಅಲ್ಲಿಂದ ಚನ್ನವೀರಪ್ಪನವರ ಹತ್ತಿರ ಹೋದೆ. ನನ್ನ ಮಾತು ಕೇಳಿ ಅವರು ಆಪರೇಟರನ್ನು ಕರೆದು ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಕಡೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನ್ನ ಪಿಕ್ಚರ್ ಅಲ್ಲ ಮೇಡಂ. ನನ್ನ ಪಿಕ್ಚರ್ ಯಾರನ್ನೂ ಹೊಡೆದಿಲ್ಲ" ಎಂದರು. "ಇಷ್ಟು ವರ್ಷ ನಾನು ಪಾಪಿ ಅಂತ ತಿಳ್ಕೊಂಡಿದ್ದೆ. ಊರಿಗೆಲ್ಲ ತೋರಿಸ್ತೀನಿ. ಬುಧವಾರ ಬೆಳಿಗ್ಗೆ, ಫ್ರೀ ಶೋ. ಎಲ್ಲರೂ ಬರಲಿ. ನೀವೇ ನಿಂತು ಹೇಳ್ಬೇಕು."

ಬುಧವಾರ ಹಾಲ್ ತುಂಬಿತು. ಫ್ರೀ ಶೋ ಎಂದರೆ ಯಾರು ಬಿಡುತ್ತಾರೆ. ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಬಂದು ಮಧ್ಯದ ಸಾಲಿನಲ್ಲಿ ಕೂತ. ಚನ್ನವೀರಪ್ಪನವರ ಮಗಳು ಶಾಂಭವಿ ಗಂಡನ ಜೊತೆ ಮುಂದಿನ ಸಾಲಿನಲ್ಲಿದ್ದಳು. ಆಯಿಲ್ ಮಿಲ್ಲಿನ ಮನೆತನ, ಊರಿನಲ್ಲಿ ದೊಡ್ಡ ಸಂಬಂಧ. ಚಿತ್ರ ಶುರುವಾಯಿತು. ಆ ಜಾಗಕ್ಕೆ ಬಂದಾಗ ಆಪರೇಟರ್ ನಿಲ್ಲಿಸಿದ. ದೀಪ ಹಾಕಿದರು. ನಾನು ತೆರೆಯ ಪಕ್ಕ ನಿಂತು ಹೇಳಿದೆ: "ಈಗ ಮತ್ತೆ ಹಾಕ್ತಾರೆ. ಏಟು ಬಿದ್ದಾಗ ಕೈ ಎತ್ತಿ ಹೇಳಿ."

ಹಾಕಿದರು. ಮುಖ, ಪಾರಿವಾಳ, ಕೂದಲು. ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟವನೊಬ್ಬ ಹಾಗೇ ಉಳಿದ. ಯಾರೂ ಕೈ ಎತ್ತಲಿಲ್ಲ. ಇನ್ನೊಮ್ಮೆ ಹಾಕಿದರು. ಹೆಂಗಸರ ಸಾಲುಗಳಲ್ಲಿ ಸೆರಗುಗಳು ನಿಧಾನವಾಗಿ ಕೆನ್ನೆಯ ಮೇಲೆ ಏರಿದವು.

ಚನ್ನವೀರಪ್ಪನವರು ವೇದಿಕೆಯಂಥ ಮೆಟ್ಟಿಲ ಮೇಲೆ ಹತ್ತಿ ನಿಂತರು. ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. "ನೋಡಿದ್ರಾ? ಎಲ್ಲಾರೂ ನೋಡಿದ್ರಾ? ನನ್ನ ಟಾಕೀಸ್ ಯಾರ ಮನೆ ಹೆಣ್ಣುಮಗಳ ಮೇಲೂ ಕೈ ಮಾಡಿಲ್ಲ. ಈ ಗುರುತೆಲ್ಲ ಎಲ್ಲಿಂದ ಬಂತು ಅಂತ ನಿಮ್ಮ ನಿಮ್ಮ ಮನೇಲಿ..." ಎನ್ನುತ್ತ ಕೈಬೀಸಿದವರ ಕಣ್ಣು ಮುಂದಿನ ಸಾಲಿಗೆ ಬಿತ್ತು. ಶಾಂಭವಿ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡು ಕೂತಿದ್ದಳು. ಶನಿವಾರವೇ ಅವರು ಆ ಗುರುತು ನೋಡಿದ್ದರು. ಮಗಳಿಗೂ ಬಂತಲ್ಲ ನನ್ನ ಪಿಕ್ಚರ್ ಎಂದು ಊಟ ಬಿಟ್ಟಿದ್ದರಂತೆ. ಮಾತು ಅಲ್ಲಿಗೇ ನಿಂತಿತು. ಬೀಸಿದ ಕೈ ಗಾಳಿಯಲ್ಲೇ ಉಳಿಯಿತು.

ಆಗ ಎದ್ದು ನಿಂತವನು ನನ್ನ ಅಣ್ಣ. ಅವನಿಗೆ ಸಭೆ ಗೊತ್ತು. ದನಿ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಗೊತ್ತು. "ಕೈ ಕಾಣದಿದ್ರೇನಂತೆ? ನಾವೇನು ಕುರುಡರಾ? ಹೊಡೆದ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ. ನಾನಂತೂ ನೋಡ್ದೆ" ಎಂದ.

"ನಾನೂ ನೋಡ್ದೆ" ಎಂದರು ಯಾರೋ. "ನಾವೂ ನೋಡಿದ್ವಿ." ಗಂಡಸರ ದನಿಗಳು ಸಾಲಿನಿಂದ ಸಾಲಿಗೆ ಹಬ್ಬಿದವು.

ಚನ್ನವೀರಪ್ಪನವರು ಮೆಟ್ಟಿಲಿಳಿದು ಮಗಳ ಮುಂದೆ ಬಂದು ನಿಂತರು. "ಅವ್ವಾ, ನೀ ನೋಡಿದ್ಯೇನೇ?" ಎಂದು ಕೇಳಿದರು. ಕೇಳಿದ್ದಲ್ಲ, ಬೇಡಿಕೊಂಡದ್ದು. ಶಾಂಭವಿ ಪಕ್ಕದಲ್ಲಿದ್ದ ಗಂಡನ ಕಡೆ ನೋಡಲಿಲ್ಲ. ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೋಡ್ದೆ ಅಪ್ಪಾ" ಎಂದಳು.

"ನೋಡಿದ್ದಾಳಂತೆ" ಎಂದು ಅವರು ನನ್ನತ್ತ ತಿರುಗಿದರು. ಇಷ್ಟು ವರ್ಷ ಹೊತ್ತ ಕಳಂಕವನ್ನು ಕೆಳಗಿಳಿಸಿದ್ದ ಮನುಷ್ಯ ಅದನ್ನು ಬಗ್ಗಿ ಮತ್ತೆ ಎತ್ತಿಕೊಂಡರು. ಆಮೇಲೆ ಹೆಂಗಸರ ಸಾಲುಗಳಿಂದಲೂ ಮಾತು ಬಂತು, ಒಂದೊಂದಾಗಿ, ಸಣ್ಣ ದನಿಯಲ್ಲಿ. "ನೋಡ್ದೆ." "ನಾನೂ ನೋಡ್ದೆ." ನಾನು ಅತ್ತಿಗೆಯ ಕಡೆ ನೋಡಿದೆ. ಅಣ್ಣ ಕೂತುಕೊಂಡು ಅವಳ ಕುರ್ಚಿಯ ಬೆನ್ನಿನ ಮೇಲೆ ಕೈಚಾಚಿದ್ದ. ಅವಳು ತೆರೆಯ ಮೇಲೆ ನಿಂತುಹೋಗಿದ್ದ ಆ ಕೂದಲನ್ನು ನೋಡುತ್ತಿದ್ದಳು.

"ನೋಡ್ದೆ" ಎಂದಳು.

ಮುಂದಿನ ವಾರ ಅತ್ತಿಗೆಯ ಎಡಗಿವಿ ಕೇಳದಾಯಿತು. ಸಭೆಯಲ್ಲಿ ತನ್ನ ತಂಗಿ ಮಾನ ಕಳೆದದ್ದಕ್ಕೆ ಅಣ್ಣ ಅತ್ತಿಗೆಯ ಮೇಲೆ ಕೈಮಾಡಿ ಲೆಕ್ಕ ಚುಕ್ತಾ ಮಾಡಿಕೊಂಡಿದ್ದ. ಊರಿಗೆ ಹೇಳಿದ್ದು ಬೇರೆ: ಮೈಕು ಕೀರಿಟ್ಟಿತು, ಇವಳು ಸ್ಪೀಕರಿನ ಪಕ್ಕವೇ ನಿಂತಿದ್ದಳು. ಕಿವಿಯ ತಮಟೆ ಹರಿದಿದೆ ಎಂದರು ಡಾಕ್ಟರು, ಅವರೂ ಮೈಕಿನ ಮಾತನ್ನು ನಂಬಿದಂತೆ ತಲೆಯಾಡಿಸಿದರು. ಅತ್ತಿಗೆಗೆ ಶ್ರುತಿ ಸಿಗದಾಯಿತು. ಒಂದು ಮದುವೆಯಲ್ಲಿ ಎರಡನೆಯ ಚರಣ ಎತ್ತಿಕೊಂಡು ಎಲ್ಲೋ ಹೋಗಿಬಿಟ್ಟಳು, ಜನ ನಕ್ಕರು. ಅಂದಿನಿಂದ ಅಣ್ಣ ಅವಳನ್ನು ಕರೆದುಕೊಂಡು ಹೋಗುವುದನ್ನು ಬಿಟ್ಟ. ನಾನು ಅವರ ಮನೆಗೆ ಹೋದರೆ ಬಾಗಿಲಲ್ಲೇ ತಡೆದ. "ನಿನ್ನ ಪಾಠ ಕಾಲೇಜಲ್ಲಿ ಇಟ್ಕೋ" ಎಂದ. ಅವನ ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ಕರೆದೆ. ಅವಳಿಗೆ ಕೇಳಿಸಲಿಲ್ಲ.

ಚನ್ನವೀರಪ್ಪನವರು ನನ್ನ ತರಗತಿಗೆ ಹಾಲ್ ಕೊಡುವುದನ್ನು ನಿಲ್ಲಿಸಿದರು. ಅದರ ಮರುವಾರ ಒಂದು ಹೊಸ ಚಿತ್ರ ತರಿಸಿದರು. ಹುಡುಕಿ ತರಿಸಿದ್ದು ಅದು. ಅದರಲ್ಲಿ ಪಾರಿವಾಳ ಇರಲಿಲ್ಲ. ಕೈ ಏಳುತ್ತದೆ, ನಿಧಾನವಾಗಿ, ತೆರೆಯ ತುಂಬ. ಕೆನ್ನೆಗೆ ಬೀಳುತ್ತದೆ, ಕೆನ್ನೆಯ ಮಾಂಸ ಅದುರುವುದು ಕಾಣುತ್ತದೆ. ಅದನ್ನೇ ಹಾಡಿನ ಮಧ್ಯೆ, ತಾಳಕ್ಕೆ ಸರಿಯಾಗಿ, ಬೇರೆ ಬೇರೆ ದಿಕ್ಕಿನಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಇನ್ನು ಯಾರೂ ಯಾರನ್ನೂ ಕೇಳುವಂತಿರಬಾರದು, ಯಾವ ತಂದೆಯೂ ಮಗಳ ಮುಖ ನೋಡಿ ಲೆಕ್ಕ ಹಾಕುವಂತಿರಬಾರದು ಎಂದು ಆ ಮುದುಕ ಮಾಡಿದ ಏರ್ಪಾಡು. ಆ ಶನಿವಾರ ಊರಿನಲ್ಲಿ ಗುರುತು ಬರದ ಹೆಂಗಸು ಉಳಿಯಲಿಲ್ಲ. ತಬಸ್ಸುಮ್‌ಗೆ ಬಂತು. ಶಾಲೆಗೆ ಹೋಗುವ ಹುಡುಗಿಯರಿಗೆ ಬಂತು. ಕನ್ನಡಿಯ ಮುಂದೆ ನಿಂತರೆ ನನ್ನ ಎಡಗೆನ್ನೆಯ ಮೇಲೂ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ನೋವಿರಲಿಲ್ಲ. ಜನ ಹೇಳುತ್ತಿದ್ದುದು ನಿಜವೇ. ಆದರೆ ಆ ಕೆನ್ನೆ ಹೊತ್ತುಕೊಂಡು ಬೀದಿಗಿಳಿದಾಗ ಎದುರು ಬಂದ ಗಂಡಸರ ಕಣ್ಣಿನಲ್ಲಿ ಒಂದು ಸಮಾಧಾನ ಕಂಡಿತು. ನಾನೂ ಸಾಲಿಗೆ ಸೇರಿದೆನೆಂಬ ಸಮಾಧಾನ. ಅದು ನೋಯಿತು.

ಚಿತ್ರ ಚೆನ್ನಾಗಿ ಓಡಿತು. ಶುಕ್ರವಾರ ಬಂದರೂ ಎತ್ತಲಿಲ್ಲ. ನಾನು ಕಾಲೇಜಿನ ಕೋಣೆಯಲ್ಲೇ ಪಾಠ ಮುಂದುವರಿಸಿದ್ದೆ, ತೋರಿಸಲು ಏನೂ ಇರಲಿಲ್ಲ, ಬೋರ್ಡಿನ ಮೇಲೆ ಚೌಕ ಎಳೆದು ಒಳಗೇನು ಹೊರಗೇನು ಎಂದು ಮಾತಾಡುತ್ತಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಊರಿನ ಎಲ್ಲ ಹೆಂಗಸರ ಹಾಗೆಯೇ ಅವಳ ಕೆನ್ನೆಯೂ ಕೆಂಪಾಗಿದ್ದರಿಂದ ದಾರಿಯಲ್ಲಿ ಯಾರೂ ಅವಳನ್ನು ತಿರುಗಿ ನೋಡಿರಲಿಲ್ಲ. ಬಂದವಳು ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತಳು.

"ಆ ಮೊದಲಿನ ಪಿಕ್ಚರ್ ತೋರಿಸ್ತೀಯಾ?" ಎಂದಳು. "ಹಕ್ಕಿ ಹಾರೋದು."

"ಅದು ಇಲ್ಲ ಅತ್ತಿಗೆ. ವಾಪಸ್ ಹೋಯ್ತು."

ಅವಳಿಗೆ ನನ್ನ ತುಟಿ ನೋಡಿ ಅರ್ಥವಾಯಿತು. "ಆ ಹುಡುಗಿ ಕೂದಲ ಹಿಂದೆ ಇದ್ಲಲ್ಲ, ಅವಳ ಮುಖ ತೋರಿಸ್ಲೇ ಇಲ್ಲ. ಅವಳು ಅಲ್ಲಿ ಏನು ಮಾಡ್ತಾ ಇದ್ಲು ಅಂತ ನಿಮ್ಮ ಮೇಡಂ ಹೇಳಿಕೊಟ್ರಾ?" ಎಂದು ಹುಡುಗಿಯರನ್ನು ಕೇಳಿದಳು.

"ಇಲ್ಲ" ಎಂದಳು ತಬಸ್ಸುಮ್. "ಕ್ಯಾಮೆರಾ ಅಲ್ಲಿಗೆ ಹೋಗಲ್ಲ."

"ನಾನು ಹೇಳ್ತೀನಿ" ಎಂದಳು ಅತ್ತಿಗೆ.

ಒಂದು ಕಿವಿ ಹೋದಮೇಲೆ ಅವಳಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುತ್ತಿರಲಿಲ್ಲ. ವೇದಿಕೆಯ ಕತ್ತಲಿನಿಂದ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಕಂಠ ಅದು. ಈಗ ಹತೋಟಿಯಿಲ್ಲದೆ ಬಂತು.

"ಮೊದಲು ನಾಲಿಗೇಲಿ ಹಲ್ಲು ಮುಟ್ಟಿ ನೋಡ್ಕೊಂಡ್ಲು, ಎಲ್ಲ ಗಟ್ಟಿಯಾಗಿದ್ಯಾ ಅಂತ. ಆಮೇಲೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯ್ತು, ಉಕ್ಕಿದ್ರೆ ಅದಕ್ಕೆ ಇನ್ನೊಂದು ಬೀಳುತ್ತೆ. ಅಳು ಬಂತು, ತಡಕೊಂಡ್ಲು. ಅತ್ರೆ ಪಕ್ಕದ ಮನೆಯವರಿಗೆ ಕೇಳುತ್ತೆ. ಅವನು ಅಲ್ಲೇ ನಿಂತಿದಾನೆ, ಅವನ ಕಾಲು ಕಾಣುತ್ತೆ, ಆ ಕಾಲು ಈ ಕಡೆ ತಿರುಗುತ್ತಾ ಆ ಕಡೆ ತಿರುಗುತ್ತಾ ಅಂತ ನೋಡ್ತಾ ಇದಾಳೆ. ಅದಕ್ಕೇ ಕೂದಲು ತೆಗೀಲಿಲ್ಲ. ಕೂದಲ ಸಂದಿಯಿಂದ ನೋಡಿದ್ರೆ ಅವನಿಗೆ ಗೊತ್ತಾಗಲ್ಲ. ಆಮೇಲೆ ಅವಳು ಏನು ಯೋಚನೆ ಮಾಡಿದ್ಲು ಗೊತ್ತಾ? ಈ ವಾರ ಟಾಕೀಸಲ್ಲಿ ಯಾವ ಪಿಕ್ಚರ್ ಅಂತ. ಅದರಲ್ಲಿ ಕೆನ್ನೆಗೆ ಹೊಡೆಯೋದು ಇದ್ಯಾ ಅಂತ. ಇದ್ರೆ ನಾಳೆ ನೀರಿಗೆ ಹೋಗ್ಬಹುದು."

ಅವಳು ಹೇಳುತ್ತಲೇ ಹೋದಳು. ಆ ಹುಡುಗಿ, ಅವಳು ಎನ್ನುವುದು ಎಲ್ಲೋ ಬಿಟ್ಟುಹೋಗಿ ನಾನು ಎಂದಾಯಿತು. ಅವನು ಎನ್ನುವ ಕಡೆ ನಿಮ್ಮಣ್ಣ ಎಂದಾಯಿತು. ಮದುವೆಯಾದ ಮೊದಲ ವರ್ಷದ್ದು, ನನ್ನ ಜಡೆ ಹಾಕುತ್ತಿದ್ದ ದಿನಗಳದ್ದು, ವೇದಿಕೆ ಹತ್ತುವ ಮುಂಚಿನದು, ಕಿವಿಯದು. ಕಾಲೇಜಿನ ಆಯಾ ಗೌರಮ್ಮ ಕಾರಿಡಾರಿನಲ್ಲಿ ಬಂದು ನಿಂತಳು. ಗುಮಾಸ್ತೆ ಬಂದಳು. ಪಕ್ಕದ ಕೋಣೆಗಳ ಪಾಠ ನಿಂತುಹೋಯಿತು. ಪ್ರಿನ್ಸಿಪಾಲರು ದೂರದಿಂದ ನನ್ನತ್ತ ಸನ್ನೆ ಮಾಡಿದರು, ಬಾಗಿಲು ಹಾಕಿ ಎಂದು. ನಾನು ಕಂಡೂ ಕಾಣದವಳಂತೆ ಇದ್ದೆ. ಬಾಗಿಲು ತೆರೆದೇ ಇತ್ತು.

ಅತ್ತಿಗೆ ಅಂದು ಮನೆಗೆ ಹೋಗಲಿಲ್ಲ. ನನ್ನ ಕೋಣೆಯಲ್ಲಿ ಈಗ ಎರಡು ಚಾಪೆ. ಅಣ್ಣ ಎರಡು ಸಲ ಬಂದು ಬೀದಿಯಲ್ಲಿ ನಿಂತು ಕೂಗಿದ, ಎರಡು ಸಲವೂ ಗೌರಮ್ಮ, ಗುಮಾಸ್ತೆ, ಓನರ್ ಹೆಂಡತಿ ಬಾಗಿಲಲ್ಲಿ ಬಂದು ಕೂತರು. ಎದ್ದು ದಾರಿ ಬಿಡಲಿಲ್ಲ. ಅವನು ಹೋದ. ಇದಕ್ಕಿಂತ ಹೆಚ್ಚಿನದೇನೂ ಊರಿನಲ್ಲಿ ಆಗಲಿಲ್ಲ. ಶಾಂಭವಿ ಗಂಡನ ಮನೆಯಲ್ಲೇ ಇದ್ದಾಳೆ. ಚನ್ನವೀರಪ್ಪನವರು ಹುಡುಕಿ ಹುಡುಕಿ ಅಂಥ ಚಿತ್ರಗಳನ್ನೇ ತರಿಸುತ್ತಾರೆ. ಅಣ್ಣನ ಆರ್ಕೆಸ್ಟ್ರಾಕ್ಕೆ ಬೇಡಿಕೆ ತಗ್ಗಿಲ್ಲ, ಜನ ಇವತ್ತಿಗೂ ಅವನ ಹಾಡಿಗೆ ಒನ್ಸ್ ಮೋರ್ ಎನ್ನುತ್ತಾರೆ. ಯುಗಳಗೀತೆಗೆ ಪಕ್ಕದ ಊರಿನಿಂದ ಹೊಸ ಹುಡುಗಿ ಬಂದಿದ್ದಾಳೆ, ಹೆಸರು ಮೇಘನಾ, ಒಳ್ಳೆಯ ಕಂಠ.

ಕಳೆದ ಸೋಮವಾರ ಆ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಅತ್ತಿಗೆಯ ಹತ್ತಿರ ಒಂದು ಹಾಡಿನ ಎರಡನೆಯ ಚರಣ ಕೇಳಿಕೊಂಡು ಹೋಗಲು ಬಂದೆ ಎಂದಳು. ಸೆಖೆಯಲ್ಲೂ ದುಪಟ್ಟಾ ಕತ್ತಿಗೆ ಸುತ್ತಿಕೊಂಡಿದ್ದಳು. ಕೂತು ನೀರು ಕುಡಿಯುವಾಗ ಅದು ಜಾರಿತು, ತಟ್ಟನೆ ಮುಚ್ಚಿಕೊಂಡಳು.

"ಪಿಕ್ಚರ್ದು" ಎಂದಳು.

ಅಂಥ ಚಿತ್ರ ಯಾವುದೂ ಸಿಗದೆ ಚನ್ನವೀರಪ್ಪನವರು ಆ ವಾರ ಒಂದು ಯುದ್ಧದ ಚಿತ್ರ ಹಾಕಿದ್ದರು. ಮೊದಲಿನಿಂದ ಕಡೆಯವರೆಗೆ ಅದರಲ್ಲಿ ಒಬ್ಬಳೂ ಹೆಂಗಸಿಲ್ಲ. ಅತ್ತಿಗೆ ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಕೇಳುವ ಕಿವಿ ಆ ಹುಡುಗಿಯ ಕಡೆ ಬರುವಂತೆ, ಅವಳ ಪಕ್ಕದಲ್ಲಿ ಕೂತುಕೊಂಡಳು.